ವಿಂಗಡಣೆಯ ಬೆಲೆ: ಸಗಟು ಅಂಚೆಯ ಪೂರ್ವಸಿದ್ಧತೆ ಮತ್ತು ಅಂಚೆ ಸಂಸ್ಕರಣೆಯ ವೆಚ್ಚ

ಅಂಚೆಯ ವೆಚ್ಚವು ಪತ್ರ ಕ್ರಮಿಸುವ ದೂರಕ್ಕಿಂತ ಅದು ಹಾದುಹೋಗುವ ಕೈಗಳ ಎಣಿಕೆಯನ್ನೇ ಹೆಚ್ಚಾಗಿ ಅನುಸರಿಸುತ್ತದೆ ಎಂಬ ತಿಳಿವಳಿಕೆ ಹೊಸದಲ್ಲ. 1837ರಲ್ಲಿ ಬ್ರಿಟನ್ನಿನ ಅಂಚೆ ಸುಧಾರಣೆಯ ಬಗ್ಗೆ ಕಿರುಹೊತ್ತಗೆಯೊಂದನ್ನು ಹೊರತಂದ ರೋಲೆಂಡ್ ಹಿಲ್, ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದು ಪತ್ರವನ್ನು ಒಯ್ಯುವ ಖರ್ಚು ಒಂದು ಪೆನ್ನಿಯ ಮೂವತ್ತಾರನೆಯ ಒಂದು ಪಾಲಿನಷ್ಟೇ ಎಂದು ಲೆಕ್ಕಹಾಕಿ, ಪ್ರತಿ ಪತ್ರಕ್ಕೂ ಬೇರೆ ಬೇರೆ ದರ ಗೊತ್ತುಮಾಡುವುದು, ಅದನ್ನು ಪುಸ್ತಕದಲ್ಲಿ ಬರೆದಿಡುವುದು, ಪಡೆಯುವವರ ಮನೆಬಾಗಿಲಲ್ಲಿ ನಿಂತು ಕಾಸು ವಸೂಲಿ ಮಾಡುವುದು ಮುಂತಾದ ಕೆಲಸಗಳೇ ಅಂಚೆಯನ್ನು ದುಬಾರಿಯಾಗಿಸಿವೆ ಎಂದು ವಾದಿಸಿದ. 1840ರಲ್ಲಿ ಜಾರಿಗೆ ಬಂದ ಪೆನ್ನಿ ಅಂಚೆ ಅಗ್ಗದ ದರಕ್ಕಾಗಿಯೇ ಜನರ ನೆನಪಿನಲ್ಲಿ ಉಳಿದಿದೆಯಾದರೂ, ಅದರ ಸ್ಟಾಂಪನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು: ಕಳುಹಿಸುವವರು ಹಣವನ್ನು ಮುಂಗಡವಾಗಿ ತೆತ್ತು, ಅಂಚೆಯ ಒಂದು ಕೆಲಸವನ್ನೇ ಇಲ್ಲವಾಗಿಸಿದ ಮೊದಲ ದೊಡ್ಡ ವ್ಯವಸ್ಥೆ ಅದು. ಬ್ಯಾಂಕುಗಳು, ವಿಮಾ ಕಂಪನಿಗಳು, ಪತ್ರಿಕೆಗಳು ತಮ್ಮ ಅಂಚೆಯನ್ನು ತಾವೇ ವಿಂಗಡಿಸಿ ಕೊಟ್ಟು ರಿಯಾಯಿತಿ ಪಡೆಯುವ ಇಂದಿನ ಪದ್ಧತಿ ಅದೇ ದಾರಿಯಲ್ಲಿ ಬಹುದೂರ ನಡೆದಿದೆ. ಹಾಗೆ ಕೆಲಸವೊಂದು ಅಂಚೆಯಿಂದ ಗಿರಾಕಿಗೆ ವರ್ಗವಾದಾಗ ಅಂಚೆಗೆ ನಿಜಕ್ಕೂ ಉಳಿಯುವುದೆಷ್ಟು ಎಂಬ ಪ್ರಶ್ನೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಈ ಪ್ರಶ್ನೆ ಅತ್ಯಂತ ವಿಸ್ತಾರವಾಗಿ, ಸಾರ್ವಜನಿಕ ದಾಖಲೆಗಳ ಬೆಳಕಿನಲ್ಲಿ ಚರ್ಚೆಯಾಗಿರುವುದು ಅಮೆರಿಕದಲ್ಲಿ. ಅಲ್ಲಿನ 2006ರ ಅಂಚೆ ಹೊಣೆಗಾರಿಕೆ ಮತ್ತು ವರ್ಧನೆ ಕಾಯ್ದೆಯು, ಪೂರ್ವವಿಂಗಡಣೆ, ಬಾರ್‌ಕೋಡ್ ಮುದ್ರಣ, ನಿರ್ವಹಣೆ ಮತ್ತು ಸಾಗಣೆ ಎಂಬ ನಾಲ್ಕು ಕೆಲಸಗಳಲ್ಲಿ ಯಾವುದನ್ನೇ ಗಿರಾಕಿ ತಾನೇ ಮಾಡಿಕೊಟ್ಟರೂ ಅದಕ್ಕೆ ನೀಡುವ ದರದ ಕಡಿತವನ್ನು ಕೆಲಸ ಹಂಚಿಕೆಯ ರಿಯಾಯಿತಿ ಎಂದು ಗುರುತಿಸುತ್ತದೆ. ಪೂರ್ವವಿಂಗಡಣೆಯೆಂದರೆ ಪತ್ರಗಳನ್ನು ಅಂಚೆಗೆ ಕೊಡುವ ಮುನ್ನವೇ ತಲುಪುವ ಊರು, ಬಡಾವಣೆ ಅಥವಾ ಪೋಸ್ಟ್‌ಮನ್ನನ ಬೀಟಿಗೆ ಅನುಸಾರವಾಗಿ ಬೇರ್ಪಡಿಸಿ, ಟ್ರೇ, ಕಟ್ಟು ಅಥವಾ ಚೀಲಗಳಲ್ಲಿ ತುಂಬಿ, ಚೀಟಿ ಅಂಟಿಸಿ ಕೊಡುವುದು. ಸಗಟು ಎನಿಸಿಕೊಳ್ಳಲು ಕನಿಷ್ಠ ಸಂಖ್ಯೆಯೊಂದು ಇರುತ್ತದೆ: ಅಮೆರಿಕದಲ್ಲಿ ವಾಣಿಜ್ಯ ದರದ ಮೊದಲ ದರ್ಜೆಯ ಅಂಚೆಗೆ 500 ಪತ್ರಗಳು, ಜಾಹೀರಾತು ಅಂಚೆಗೆ 200 ಪತ್ರಗಳು ಅಥವಾ 50 ಪೌಂಡು ತೂಕ.

ಉಳಿತಾಯ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಒಂದು ಬಿಡಿ ಪತ್ರದ ಹಾದಿಯನ್ನು ಹಿಂಬಾಲಿಸಬೇಕು. ಬೀದಿಯ ಅಂಚೆಪೆಟ್ಟಿಗೆಯಿಂದ ಬಂದ ಪತ್ರ ಮೊದಲು ಎಲ್ಲ ಲಕೋಟೆಗಳ ಮುಖವನ್ನು ಒಂದೇ ಕಡೆಗೆ ತಿರುಗಿಸಿ ಸ್ಟಾಂಪಿನ ಮೇಲೆ ಮುದ್ರೆ ಒತ್ತುವ ಯಂತ್ರವನ್ನು ಹಾಯುತ್ತದೆ. ಬಳಿಕ ಅದರ ವಿಳಾಸವನ್ನು ಯಂತ್ರವೋ ಮನುಷ್ಯರೋ ಓದಿ ಬಾರ್‌ಕೋಡ್ ಹಾಕುತ್ತಾರೆ. ಹೊರಹೋಗುವ ಅಂಚೆಯ ವಿಂಗಡಣೆಯಲ್ಲಿ ಅದು ಯಾವ ಪ್ರದೇಶದ್ದೆಂದು ಬೇರ್ಪಡುತ್ತದೆ. ಆ ಪ್ರದೇಶದ ಕೇಂದ್ರ ಸೇರಿದ ಮೇಲೆ ಒಳಬರುವ ಅಂಚೆಯ ವಿಂಗಡಣೆಯಲ್ಲಿ, ಅಮೆರಿಕದ ಅಂಚೆ ಸಂಕೇತವಾದ ಐದಂಕಿಯ ಜಿಪ್ ಕೋಡಿಗೆ ತಕ್ಕಂತೆ ಮತ್ತೆ ಬೇರ್ಪಡುತ್ತದೆ. ಕೊನೆಗೆ, ಪೋಸ್ಟ್‌ಮನ್ ನಡೆಯುವ ದಾರಿಯಲ್ಲಿ ಮನೆಗಳು ಬರುವ ಕ್ರಮಕ್ಕೆ ಪತ್ರಗಳನ್ನು ಜೋಡಿಸಲು ಅದೇ ಯಂತ್ರದಲ್ಲಿ ಎರಡು ಸಲ ಓಡುತ್ತದೆ. ಬಾರ್‌ಕೋಡ್ ಸಮೇತ ಐದಂಕಿಯ ಮಟ್ಟಕ್ಕೆ ವಿಂಗಡಿಸಿ, ಒಂದೊಂದು ಟ್ರೇಯಲ್ಲಿ ಕನಿಷ್ಠ 150 ಪತ್ರಗಳಂತೆ ತುಂಬಿ ಕೊಟ್ಟ ಸಗಟು ಅಂಚೆ ಇವುಗಳಲ್ಲಿ ಕೊನೆಯದನ್ನು ಬಿಟ್ಟು ಉಳಿದೆಲ್ಲ ಹಂತಗಳನ್ನೂ ಹೆಚ್ಚುಕಡಿಮೆ ದಾಟಿಬಿಡುತ್ತದೆ. ಆದರೆ ಆ ಕೊನೆಯ ಎರಡು ಓಟ ಹೀಗೆ ವಿಂಗಡಿಸಿದ ಪತ್ರಕ್ಕೂ ಬಿಡಿ ಪತ್ರಕ್ಕೂ ಸಮಾನ, ಅನಂತರದ ಬಟವಾಡೆಯೂ ಸಮಾನ. ಪೂರ್ವವಿಂಗಡಣೆ ಅಂಚೆಯ ವೆಚ್ಚವನ್ನು ತಗ್ಗಿಸುತ್ತದೆ ಎಂಬ ಮಾತು ನಿಜವಾದರೂ, ಅದು ತಗ್ಗಿಸುವುದು ವೆಚ್ಚದ ನಡುಭಾಗವನ್ನೇ ಹೊರತು ಅಂಚೆಯಲ್ಲಿ ಅತ್ಯಂತ ದುಬಾರಿಯಾದ ಕಡೆಯ ಭಾಗವನ್ನಲ್ಲ.

ಈ ವ್ಯವಸ್ಥೆ ಅಮೆರಿಕದಲ್ಲಿ ಶುರುವಾದದ್ದು ರಿಯಾಯಿತಿಯಿಂದಲ್ಲ, ಕಡ್ಡಾಯದಿಂದ. 1963ರ ಜುಲೈಯಲ್ಲಿ ಜಿಪ್ ಕೋಡ್ ಬಂತು. 1966ರ ಅಕ್ಟೋಬರಿನಲ್ಲಿ ಷಿಕಾಗೋ ಅಂಚೆ ಕಚೇರಿ ಸುಮಾರು ಒಂದು ಕೋಟಿ ಪತ್ರಗಳ ರಾಶಿಯಡಿಯಲ್ಲಿ ಕುಸಿದು ನಿಂತಿತು. 1967ರಲ್ಲಿ ಪತ್ರಿಕೆ ಮತ್ತು ಜಾಹೀರಾತು ಅಂಚೆಯ ಸಗಟು ಗಿರಾಕಿಗಳೆಲ್ಲ ಜಿಪ್ ಕೋಡಿನ ಪ್ರಕಾರ ವಿಂಗಡಿಸಿಯೇ ಕೊಡಬೇಕೆಂಬ ನಿಯಮ ಜಾರಿಯಾಯಿತು. 1970ರ ಅಂಚೆ ಪುನರ್ರಚನಾ ಕಾಯ್ದೆಯ ಮೇರೆಗೆ ಅಂಚೆ ಇಲಾಖೆ ಸ್ವಾಯತ್ತ ಸಂಸ್ಥೆಯಾಗಿ, ದರಗಳನ್ನು ಪರಿಶೀಲಿಸಲು ಪ್ರತ್ಯೇಕ ಆಯೋಗವೂ ಏರ್ಪಟ್ಟ ನಂತರವೇ ಗಿರಾಕಿಯ ಶ್ರಮಕ್ಕೆ ಬೆಲೆ ಕಟ್ಟುವ ಆಲೋಚನೆ ಮೂಡಿತು. 1976ರಲ್ಲಿ ಮೊದಲ ದರ್ಜೆಯ ಪತ್ರದ ದರ 13 ಸೆಂಟ್ ಇದ್ದಾಗ, ವಿಂಗಡಿಸಿ ಕೊಟ್ಟ ಪತ್ರಕ್ಕೆ ಒಂದು ಸೆಂಟಿನ ಕಡಿತ ದೊರೆಯಿತು. ಈ ಒಂದು ಸೆಂಟು ಹೊಸ ಉದ್ಯಮವನ್ನೇ ಹುಟ್ಟುಹಾಕಿತು: ಬೇರೆ ಬೇರೆ ಕಂಪನಿಗಳ ಪತ್ರಗಳನ್ನು ಸಂಜೆ ಕೂಡಿಸಿ, ಬೆರೆಸಿ, ತಮ್ಮದೇ ಯಂತ್ರಗಳಲ್ಲಿ ವಿಂಗಡಿಸಿ, ಒಬ್ಬೊಬ್ಬರಿಂದ ತುಂಬಲಾರದ ಟ್ರೇಗಳನ್ನು ತುಂಬಿಸಿ ಅಂಚೆಗೆ ಒಪ್ಪಿಸುವ ಪೂರ್ವವಿಂಗಡಣಾ ಸಂಸ್ಥೆಗಳು ತಲೆಯೆತ್ತಿದವು. ಇಂದು ಆ ವ್ಯಾಪಾರದಲ್ಲಿ ಎಲ್ಲರಿಗಿಂತ ದೊಡ್ಡದು, ಸ್ಟಾಂಪಿನ ಬದಲು ಲಕೋಟೆಯ ಮೇಲೆ ದರದ ಮುದ್ರೆ ಒತ್ತುವ ಅಂಚೆ ಮೀಟರುಗಳಿಂದ ಹೆಸರು ಮಾಡಿದ ಪಿಟ್ನಿ ಬೋವ್ಸ್ ಕಂಪನಿ.

ರಿಯಾಯಿತಿ ಎಷ್ಟಿರಬೇಕು ಎಂಬುದಕ್ಕೆ ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ಸರಳವಾಗಿದೆ. ಗಿರಾಕಿ ಕೆಲಸ ಮಾಡಿಕೊಟ್ಟದ್ದರಿಂದ ಅಂಚೆಗೆ ಮಾಡಬೇಕಾಗಿ ಬಾರದೆ ಉಳಿದ ಖರ್ಚಿಗೆ ತಪ್ಪಿಸಿದ ವೆಚ್ಚ ಎಂದು ಹೆಸರು. ರಿಯಾಯಿತಿ ಅದಕ್ಕೆ ಸರಿಸಮನಾಗಿರಬೇಕು. ವಿಲಿಯಂ ಬಾಮಲ್ ಮತ್ತು ರಾಬರ್ಟ್ ವಿಲಿಗ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ದಕ್ಷ ಘಟಕ ದರ ನಿಗದಿಯ ಸೂತ್ರ ಇದು. ಒಂದು ಪತ್ರವನ್ನು ವಿಂಗಡಿಸಲು ಅಂಚೆಗೆ 50 ಪೈಸೆ ತಗಲುತ್ತದೆ ಎಂದುಕೊಂಡರೆ, 40 ಪೈಸೆಯಲ್ಲಿ ಮಾಡಬಲ್ಲ ಗಿರಾಕಿ 50 ಪೈಸೆಯ ರಿಯಾಯಿತಿಗಾಗಿ ಆ ಕೆಲಸವನ್ನು ಕೈಗೆತ್ತಿಕೊಳ್ಳುತ್ತಾನೆ, 60 ಪೈಸೆ ಬೇಕಾಗುವವನು ಅಂಚೆಗೇ ಬಿಡುತ್ತಾನೆ, ಎರಡರಲ್ಲೂ ಕೆಲಸ ಕಡಿಮೆ ಖರ್ಚಿನಲ್ಲಿ ಮಾಡಬಲ್ಲವರ ಕೈಸೇರುತ್ತದೆ. ರಿಯಾಯಿತಿ 65 ಪೈಸೆಗೆ ಏರಿದರೆ 60 ಪೈಸೆಯವನೂ ವಿಂಗಡಣೆಗೆ ಇಳಿದು, ಸಮಾಜಕ್ಕೆ ಪ್ರತಿ ಪತ್ರಕ್ಕೂ 10 ಪೈಸೆ, ಅಂಚೆಯ ಬೊಕ್ಕಸಕ್ಕೆ 15 ಪೈಸೆ ನಷ್ಟವಾಗುತ್ತದೆ. 35ಕ್ಕೆ ಇಳಿದರೆ 40 ಪೈಸೆಯಲ್ಲಿ ಮುಗಿಯುವ ಕೆಲಸಕ್ಕೆ 50 ಪೈಸೆ ಸುರಿಯಬೇಕಾಗುತ್ತದೆ. 2006ರ ಕಾಯ್ದೆ ಕೆಲವು ವಿನಾಯಿತಿಗಳೊಂದಿಗೆ ಮೇಲಿನ ಮಿತಿಯನ್ನಷ್ಟೇ ಹಾಕಿತ್ತು, ಅಂದರೆ ರಿಯಾಯಿತಿ ತಪ್ಪಿಸಿದ ವೆಚ್ಚವನ್ನು ಮೀರಬಾರದು. 2020ರ ಕೊನೆಯಲ್ಲಿ ಆಯೋಗ ಹೊರಡಿಸಿದ ನಿಯಮಗಳು ಸಾಮಾನ್ಯವಾಗಿ ಅದು ಆ ವೆಚ್ಚದ ಶೇ. 85ಕ್ಕಿಂತ ಕೆಳಗಿರಬಾರದೆಂದು ಕೆಳಗಿನ ಮಿತಿಯನ್ನೂ ಸೇರಿಸಿದವು.

ಸೂತ್ರ ಸರಳ, ಅಳತೆ ಕಷ್ಟ. ತಪ್ಪಿಸಿದ ವೆಚ್ಚವೆಂಬುದು ನಡೆಯದೆ ಹೋದ ಕೆಲಸದ ಬೆಲೆ. ನಡೆಯದ್ದನ್ನು ಅಳೆಯಲು ಯಾವುದಾದರೂ ನಡೆದದ್ದರೊಂದಿಗೆ ಹೋಲಿಸಲೇಬೇಕು. ಹೋಲಿಕೆಗೆ ಅಜ್ಜಿ ಮೊಮ್ಮಗನಿಗೆ ಕೈಯಾರೆ ಬರೆದ ಬಣ್ಣದ ಲಕೋಟೆಯನ್ನು ಆರಿಸಿಕೊಂಡರೆ ಉಳಿತಾಯ ಬಹಳ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅಂತಹ ಪತ್ರ ಯಂತ್ರಕ್ಕೆ ಕಷ್ಟ. ಆದರೆ ಸಗಟು ಗಿರಾಕಿಯ ಪತ್ರಗಳು ವಿಂಗಡಣೆಯಾಗದೆ ಬಂದಿದ್ದರೂ ಒಂದೇ ಅಳತೆಯ, ಅಚ್ಚಾದ ವಿಳಾಸದ, ಮೀಟರ್ ಮುದ್ರೆಯ ಅಚ್ಚುಕಟ್ಟಾದ ಪತ್ರಗಳೇ ಆಗಿರುತ್ತಿದ್ದವು. ಅವು ಮೊದಲೇ ಅಗ್ಗ. ಈ ಕಾರಣದಿಂದ 1990ರ ದಶಕದಲ್ಲಿ ಆಯೋಗ, ಮೀಟರ್ ಹಾಕಿ ಟ್ರೇಯಲ್ಲಿ ಕೊಟ್ಟ, ಆದರೆ ವಿಂಗಡಿಸದ ಸಗಟು ಪತ್ರಗಳನ್ನು ಹೋಲಿಕೆಯ ಮಾನದಂಡವಾಗಿ ಹಿಡಿಯಿತು. ಮಾನದಂಡದ ಆಯ್ಕೆ ತಾಂತ್ರಿಕ ವಿವರದಂತೆ ಕಂಡರೂ ರಿಯಾಯಿತಿಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಸಗಟು ಗಿರಾಕಿಗಳ ವಕೀಲರೂ ಅಂಚೆ ನೌಕರರ ಸಂಘಗಳೂ ವರ್ಷಗಟ್ಟಲೆ ಅದರ ಮೇಲೆ ವಾದ ಹೂಡಿದ್ದು ವೃಥಾ ಅಲ್ಲ.

ಇನ್ನೊಂದು ತೊಡಕು ಕೂಲಿಯ ಲೆಕ್ಕದ್ದು. ನೌಕರರು ಯಾವ ಕ್ಷಣದಲ್ಲಿ ಯಾವ ಬಗೆಯ ಅಂಚೆಯನ್ನು ಹಿಡಿದಿದ್ದಾರೆ ಎಂದು ಮಾದರಿ ಸಮೀಕ್ಷೆಯಿಂದ ಕಂಡುಕೊಂಡು, ಕೂಲಿಯನ್ನು ಆ ಪ್ರಮಾಣದಲ್ಲಿ ಅಂಚೆಯ ಬಗೆಗಳಿಗೆ ಹಂಚುವುದು ಅಮೆರಿಕದ ಕ್ರಮ. ಪತ್ರಗಳು ಹತ್ತು ಪ್ರತಿಶತ ಕಡಿಮೆಯಾದರೆ ಸಂಸ್ಕರಣೆಯ ಕೂಲಿಯೂ ಹತ್ತು ಪ್ರತಿಶತ ಇಳಿಯುತ್ತದೆ ಎಂಬ ಊಹೆ ಇದರ ಬೆನ್ನಿಗಿದೆ. ಆಯೋಗದ ಮುಂದೆ ಬಂದ 1997ರ ದರ ಪ್ರಕರಣದಲ್ಲಿ ಮೈಕೇಲ್ ಬ್ರ್ಯಾಡ್ಲಿ, 2000ದ ಪ್ರಕರಣದಲ್ಲಿ ಥಾಮಸ್ ಬೊಝೊ ಅಂಚೆ ಸೇವೆಯ ಪರವಾಗಿ ಸಂಖ್ಯಾಶಾಸ್ತ್ರೀಯ ಸಾಕ್ಷ್ಯ ಒಪ್ಪಿಸಿ, ಕೂಲಿ ಅಷ್ಟು ಇಳಿಯುವುದಿಲ್ಲವೆಂದು ವಾದಿಸಿದರೂ ಆಯೋಗ ಅದನ್ನು ಒಪ್ಪಲಿಲ್ಲ. ಆ ಸಾಕ್ಷ್ಯ ನಿಜವಾಗಿದ್ದರೆ ಪೂರ್ವವಿಂಗಡಣೆಯ ಉಳಿತಾಯವೂ ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಡಿಮೆಯೇ. ಯಂತ್ರವನ್ನು ಹೊಂದಿಸಿ ಚಾಲೂ ಮಾಡುವ ಸಮಯ ಸಾವಿರ ಪತ್ರಕ್ಕೂ ಒಂದೇ, ಹತ್ತು ಸಾವಿರಕ್ಕೂ ಒಂದೇ ಎಂಬುದು ವಿಂಗಡಣಾ ಕೊಠಡಿಯಲ್ಲಿ ಒಂದು ರಾತ್ರಿ ಕಳೆದವರಿಗೆ ಗೊತ್ತಿರುವುದರಿಂದ, ಸೋತ ಪಕ್ಷದ ವಾದದಲ್ಲಿ ಹುರುಳಿತ್ತೆಂದೇ ತೋರುತ್ತದೆ.

ಈ ಚರ್ಚೆಗಳೆಲ್ಲಕ್ಕಿಂತ ಹೆಚ್ಚಾಗಿ ಪೂರ್ವವಿಂಗಡಣೆಯ ಬೆಲೆಯನ್ನು ಅಲುಗಿಸಿದ್ದು ಯಂತ್ರ. ರಿಯಾಯಿತಿ ಶುರುವಾದ ಕಾಲದಲ್ಲಿ ಗುಂಡಿ ಒತ್ತುವ ಯಂತ್ರಗಳ ಮುಂದೆ ಕುಳಿತ ನೌಕರರು ಸೆಕೆಂಡಿಗೊಂದರಂತೆ ಕಣ್ಣೆದುರು ಬಂದ ಪತ್ರದ ವಿಳಾಸ ಓದಿ, ಸಂಕೇತ ಒತ್ತಿ, ಅದನ್ನು ಗೂಡಿಗೆ ಕಳುಹಿಸುತ್ತಿದ್ದರು. 1980ರ ದಶಕದಲ್ಲಿ ಅಚ್ಚಾದ ವಿಳಾಸವನ್ನು ತಾವೇ ಓದುವ ಯಂತ್ರಗಳು ಬಂದವು. 1983ರಲ್ಲಿ ಜಿಪ್ ಕೋಡಿಗೆ ಇನ್ನೂ ನಾಲ್ಕು ಅಂಕಿಗಳು ಸೇರಿದವು. ಗಂಟೆಗೆ 30,000ಕ್ಕೂ ಹೆಚ್ಚು ಪತ್ರಗಳನ್ನು ಬಾರ್‌ಕೋಡ್ ನೋಡಿ ವಿಂಗಡಿಸುವ ಯಂತ್ರಗಳು ಹಿಂಬಾಲಿಸಿದವು. ಕೈಬರಹ ಮಾತ್ರ ಹಟ ಹಿಡಿದಿತ್ತು. ಓದಲಾರದ ವಿಳಾಸಗಳ ಚಿತ್ರಗಳನ್ನು ದೂರದ ಕೇಂದ್ರಗಳಿಗೆ ರವಾನಿಸಿ, ಅಲ್ಲಿ ಕುಳಿತವರಿಂದ ಓದಿಸುವ ಏರ್ಪಾಡು 1997ರ ಹೊತ್ತಿಗೆ 55 ಕೇಂದ್ರಗಳಿಗೆ ಬೆಳೆದಿತ್ತು. ಅವುಗಳಲ್ಲಿ ಬಹುಪಾಲು ಮುಚ್ಚಿಹೋಗಲು ಕಾರಣವಾದ ಸಂಶೋಧನೆಗೂ ಬೆಂಗಳೂರಿಗೂ ನಂಟಿದೆ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಸರಗೂರು ಎನ್. ಶ್ರೀಹರಿ, ಬಫಲೋ ವಿಶ್ವವಿದ್ಯಾಲಯದಲ್ಲಿ ತಾವು ಕಟ್ಟಿದ ಕೇಂದ್ರದಲ್ಲಿ ಕೈಬರಹದ ವಿಳಾಸವನ್ನು ಅರ್ಥಮಾಡಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದರು, ಅದನ್ನು ಅಮೆರಿಕದ ಅಂಚೆ 1990ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ತಂದಿತು. ಅದರ ಜಾಣ್ಮೆ ಅಕ್ಷರಗಳನ್ನು ಒಂದೊಂದಾಗಿ ಓದುವುದರಲ್ಲಷ್ಟೇ ಇರಲಿಲ್ಲ. ಮೊದಲು ಜಿಪ್ ಕೋಡ್ ಮತ್ತು ಮನೆಯ ಸಂಖ್ಯೆಯನ್ನು ಓದಿ, ಆ ಪ್ರದೇಶದಲ್ಲಿ ಆ ಸಂಖ್ಯೆಯ ಮನೆ ಇರಬಹುದಾದ ಬೀದಿಗಳ ಚಿಕ್ಕ ಪಟ್ಟಿಯನ್ನು ತೆಗೆದು, ಗೀಚಿದ ಹೆಸರು ಆ ಪಟ್ಟಿಯ ಯಾವುದಕ್ಕೆ ಹೋಲುತ್ತದೆಂದು ನೋಡುವುದರಲ್ಲಿತ್ತು.

ಇದರ ಆರ್ಥಿಕ ಪರಿಣಾಮ ವಿಚಿತ್ರ. ತಪ್ಪಿಸಿದ ವೆಚ್ಚ ಅಳೆಯುವುದು ಗಿರಾಕಿಯ ಶ್ರಮವನ್ನಲ್ಲ, ಅಂಚೆಯ ಅದಕ್ಷತೆಯನ್ನು. ಅಂಚೆ ಎಷ್ಟು ನಿಧಾನವೋ ಪೂರ್ವವಿಂಗಡಣೆ ಅಷ್ಟು ಬೆಲೆಬಾಳುತ್ತದೆ. ಅಂಚೆ ಒಂದು ಒಳ್ಳೆಯ ಯಂತ್ರ ಕೊಂಡ ದಿನ, ಹೊರಗೆ ಅದೇ ಕೆಲಸಕ್ಕೆ ಬಂಡವಾಳ ಹೂಡಿದವರ ಲಾಭ ಕರಗತೊಡಗುತ್ತದೆ. ಬಾರ್‌ಕೋಡ್ ಮುದ್ರಣ ಇದಕ್ಕೆ ತಕ್ಕ ಉದಾಹರಣೆ: ಯಂತ್ರಗಳೇ ವಿಳಾಸ ಓದಿ ಬಾರ್‌ಕೋಡ್ ಹಾಕಬಲ್ಲವಾದ ಮೇಲೆ, ಗಿರಾಕಿ ಹಾಕಿಕೊಟ್ಟ ಬಾರ್‌ಕೋಡ್ ಉಳಿಸುವುದು ಯಂತ್ರದ ಒಂದು ಓಟವನ್ನಷ್ಟೇ. ಹೀಗಾಗಿಯೋ ಏನೋ, 2013ರ ಜನವರಿಯಿಂದ ರಿಯಾಯಿತಿಗೆ ಕಡ್ಡಾಯವಾದ, ನಾಲ್ಕು ಆಕಾರದ 65 ಗೆರೆಗಳಲ್ಲಿ 31 ಅಂಕಿಗಳನ್ನು ಹುದುಗಿಸುವ ಹೊಸ ಬಾರ್‌ಕೋಡಿನಲ್ಲಿ ವಿಳಾಸದ ಜೊತೆಗೆ ಕಳುಹಿಸಿದವರ ಗುರುತೂ ಪತ್ರದ ಕ್ರಮಸಂಖ್ಯೆಯೂ ಸೇರಿದವು. ವಿಂಗಡಣೆಗಿಂತ ಹೆಚ್ಚಾಗಿ, ವಿಂಗಡಿಸಿದವರ ತಪ್ಪುಗಳನ್ನು ಪತ್ತೆಹಚ್ಚಲು ಅದು ಉಪಯೋಗಕ್ಕೆ ಬಂತು.

ತಪ್ಪುಗಳ ಖರ್ಚು ಸಣ್ಣದಲ್ಲ. ನಿಯತಕಾಲಿಕೆಗಳು, ಕ್ಯಾಟಲಾಗುಗಳು ಮುಂತಾದ ಅಗಲ ಅಂಚೆಯನ್ನು ಬೀಟಿನ ಪ್ರಕಾರ ಕಟ್ಟು ಕಟ್ಟಿ ಕೊಡುವುದು ರೂಢಿ. ಆ ಕಟ್ಟುಗಳು ಸಾಗಣೆಪಟ್ಟಿಯ ಮೇಲೆ ಬೀಳುವಾಗ ಬಿಚ್ಚಿಕೊಂಡರೆ ಒಳಗಿನ ಪ್ರತಿಗಳು ಚೆಲ್ಲಾಪಿಲ್ಲಿಯಾಗಿ, ಬಿಡಿ ಪ್ರತಿಗಳಂತೆ ಒಂದೊಂದಾಗಿ, ಎಷ್ಟೋ ಸಲ ಕೈಯಿಂದಲೇ ವಿಂಗಡಣೆಯಾಗಬೇಕು. ಆಗ ಗಿರಾಕಿಗೆ ಕೊಟ್ಟ ರಿಯಾಯಿತಿಯೂ ಹೋಯಿತು, ಉಳಿಯಬೇಕಾದ ಕೂಲಿಯೂ ಹೋಯಿತು. ಅಗಲ ಅಂಚೆಯನ್ನು ಮನೆಗಳ ಕ್ರಮಕ್ಕೆ ಜೋಡಿಸಲೆಂದು 2007ರಲ್ಲಿ ನಾರ್ತ್ರಪ್ ಗ್ರಮ್ಮನ್ ಕಂಪನಿಗೆ 87 ಕೋಟಿ ಡಾಲರಿಗೂ ಮಿಕ್ಕ ಗುತ್ತಿಗೆ ಕೊಟ್ಟು ತರಿಸಿದ ನೂರು ದೈತ್ಯ ಯಂತ್ರಗಳು ನಿರೀಕ್ಷಿತ ಉಳಿತಾಯವನ್ನು ತರಲಿಲ್ಲ. ಅವು ನಂಬಿದ್ದ ಅಂಚೆಯ ಪ್ರಮಾಣ ಅವು ಬರುವ ಹೊತ್ತಿಗೇ ಇಳಿಮುಖವಾಗಿತ್ತು. ವಿಳಾಸದ ದೋಷ ಕಟ್ಟು ಬಿಚ್ಚಿಕೊಳ್ಳುವುದಕ್ಕಿಂತ ದೊಡ್ಡ ಸೋರಿಕೆ. ಮನೆ ಬದಲಾಯಿಸಿದವರಿಗೆ ಹೋದ ಪತ್ರ ಎಷ್ಟೇ ಅಂದವಾಗಿ ವಿಂಗಡಣೆಯಾಗಿದ್ದರೂ ಬಟವಾಡೆಯಾಗದೆ ಮರಳಿ, ಮತ್ತೊಮ್ಮೆ ಎಲ್ಲ ಹಂತಗಳನ್ನೂ ಹಾಯುತ್ತದೆ. ಹೀಗೆ ತಲುಪಲಾರದ ಅಂಚೆಗಾಗಿ ಅಮೆರಿಕದ ಅಂಚೆ ಸೇವೆ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ಸಗಟು ಗಿರಾಕಿಗಳು ತಮ್ಮ ವಿಳಾಸ ಪಟ್ಟಿಯನ್ನು ಮನೆ ಬದಲಾವಣೆಯ ದಾಖಲೆಯೊಂದಿಗೆ ತಾಳೆ ನೋಡಲೇಬೇಕೆಂಬ ಷರತ್ತು ರಿಯಾಯಿತಿಗೆ ಅಂಟಿಕೊಂಡಿರುವುದು ಇದಕ್ಕಾಗಿಯೇ. ಗಿರಾಕಿ ಮಾಡಬಲ್ಲ ಪೂರ್ವಸಿದ್ಧತೆಗಳಲ್ಲಿ, ಯಂತ್ರ ಎಷ್ಟೇ ಸುಧಾರಿಸಿದರೂ ಬೆಲೆ ಕಳೆದುಕೊಳ್ಳದ ಕೆಲಸ ಬಹುಶಃ ಇದೊಂದೇ.

ಸಾಗಣೆಯ ಹಂಚಿಕೆಯನ್ನೂ ಇಲ್ಲಿ ಹೆಸರಿಸಬೇಕು. ಗಿರಾಕಿ ತನ್ನ ಲಾರಿಯಲ್ಲಿ ತಲುಪುವ ಊರಿನ ಅಂಚೆ ಕೇಂದ್ರದವರೆಗೆ ಕಟ್ಟುಗಳನ್ನು ಒಯ್ದು ಇಳಿಸಿದರೆ ಸಿಗುವ ಕಡಿತ 1991ರಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ, 1970ರ ದಶಕದಲ್ಲಿ, ಸಗಟು ಅಂಚೆಗೆಂದೇ ಸುಮಾರು ನೂರು ಕೋಟಿ ಡಾಲರ್ ವೆಚ್ಚದಲ್ಲಿ 21 ಕೇಂದ್ರಗಳು ಎದ್ದಿದ್ದವು. ಕಡಿತ ಬಂದ ಮೇಲೆ ಲಾರಿಗಳು ಅವನ್ನು ಬದಿಗಿಟ್ಟು ಮುಂದೆ ಹೋಗತೊಡಗಿದವು.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಪೈಪೋಟಿಯ ರೂಪ ತಳೆಯಿತು. 2006ರ ಜನವರಿ 1ರಂದು ಅಲ್ಲಿನ ಅಂಚೆ ಮಾರುಕಟ್ಟೆ ಪೂರ್ತಿ ತೆರೆದುಕೊಂಡಾಗ, ಖಾಸಗಿ ಸಂಸ್ಥೆಗಳು ಪತ್ರಗಳನ್ನು ಸಂಗ್ರಹಿಸಿ, ವಿಂಗಡಿಸಿ, ಕೊನೆಯ ಮೈಲಿಯ ಬಟವಾಡೆಗಾಗಿ ಮಾತ್ರ ರಾಯಲ್ ಮೇಲ್‌ಗೆ ಹಣ ತೆರುವ ಪ್ರವೇಶ ವ್ಯವಸ್ಥೆ ಬೇರೂರಿತು. ಅಮೆರಿಕದಲ್ಲಿ ರಿಯಾಯಿತಿ ಎನಿಸಿದ್ದು ಬ್ರಿಟನ್ನಿನಲ್ಲಿ ಪ್ರವೇಶ ದರವಾಯಿತು, ಲೆಕ್ಕ ಮಾತ್ರ ಒಂದೇ. ತನ್ನದೇ ಪೋಸ್ಟ್‌ಮನ್ನರನ್ನು ಬೀದಿಗಿಳಿಸಿದ್ದ ವಿಸಲ್ ಕಂಪನಿ 2015ರಲ್ಲಿ ಬಟವಾಡೆಯನ್ನು ಕೈಬಿಟ್ಟಿತು. ಬಟವಾಡೆಗೆ ಇಳಿದ ಪ್ರತಿಸ್ಪರ್ಧಿಗೆ ಹೆಚ್ಚು ಪ್ರವೇಶ ದರ ಬೀಳುವಂತೆ 2014ರಲ್ಲಿ ದರ ಬದಲಾವಣೆ ಪ್ರಕಟಿಸಿದ್ದಕ್ಕಾಗಿ ರಾಯಲ್ ಮೇಲ್‌ಗೆ 2018ರಲ್ಲಿ ನಿಯಂತ್ರಕರು 5 ಕೋಟಿ ಪೌಂಡು ದಂಡ ವಿಧಿಸಿದರು.

ಭಾರತದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್, ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಸಂಸ್ಕೃತ ಕವಿಯೂ ಆಗಿದ್ದರೆಂಬ ಸ್ವಾರಸ್ಯವನ್ನು ಬದಿಗಿಟ್ಟರೂ, ಭಾಷೆಯ ತೊಡಕನ್ನು ಅಂಕಿಯಿಂದ ಬಿಡಿಸಿದ ಉಪಾಯ: ಕರ್ನಾಟಕದ ಹತ್ತಾರು ಹೊಸಹಳ್ಳಿಗಳಲ್ಲಿ ಯಾವ ಹೊಸಹಳ್ಳಿ ಎಂಬುದನ್ನು, ವಿಳಾಸ ಯಾವ ಲಿಪಿಯಲ್ಲಿದ್ದರೂ, ಅದು ಹೇಳುತ್ತದೆ. 56ರಿಂದ 59ರವರೆಗಿನ ಮೊದಲ ಎರಡು ಅಂಕಿ ಕರ್ನಾಟಕವನ್ನು, ಮೂರನೆಯದು ವಿಂಗಡಣಾ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆ ಕಚೇರಿಯನ್ನು ಸೂಚಿಸುತ್ತವೆ. ಆದರೆ ವಿಂಗಡಣೆ ಬಹುಕಾಲ ರೈಲ್ವೆ ಅಂಚೆ ಸೇವೆಯ ಸಾರ್ಟರುಗಳ ಕೈಯಲ್ಲಿ, ಗೂಡುಗಳ ಮುಂದೆಯೇ ನಡೆಯಿತು. ದೊಡ್ಡ ವಿಂಗಡಣಾ ಯಂತ್ರಗಳು 1990ರ ದಶಕದಲ್ಲಿ ಮುಂಬಯಿ, ಚೆನ್ನೈಗಳಿಗೆ, ಆಮೇಲೆ ದೆಹಲಿ, ಕೋಲ್ಕತ್ತಗಳಿಗೆ ಬಂದವು. ಕೈಯಿಂದ ವಿಂಗಡಿಸುವ ವ್ಯವಸ್ಥೆಯಲ್ಲಿ ಪಿನ್‌ಕೋಡಿನ ಪ್ರಕಾರ ಕಟ್ಟಿ ಬಂದ ಬಿಲ್ಲುಗಳ ಕಟ್ಟು ಉಳಿಸುವ ಶ್ರಮ ಯಂತ್ರದ ವ್ಯವಸ್ಥೆಯಲ್ಲಿ ಉಳಿಸುವುದಕ್ಕಿಂತ ಹೆಚ್ಚು. ಹಾಗಿದ್ದೂ ಇಲ್ಲಿನ ಕಡಿತಗಳು ಬಹುಪಾಲು ಆ ಶ್ರಮವನ್ನು ಎಣಿಸುವುದಿಲ್ಲ. ಸ್ಪೀಡ್ ಪೋಸ್ಟಿನ ಒಪ್ಪಂದದ ಗಿರಾಕಿಗೆ ಸಿಗುವ ರಿಯಾಯಿತಿ ತಿಂಗಳ ವಹಿವಾಟಿನ ಮೊತ್ತಕ್ಕೆ ತಕ್ಕಂತೆ ಏರುವಂಥದು. ನೋಂದಾಯಿತ ಪತ್ರಿಕೆಗಳ ಅಗ್ಗದ ದರ, ಕನ್ನಡದ ಎಷ್ಟೋ ಸಣ್ಣ ಪತ್ರಿಕೆಗಳನ್ನು ಚಂದಾದಾರರಿಗೆ ಮುಟ್ಟಿಸಿದ ಆ ದರ, ಓದನ್ನು ಬೆಳೆಸುವ ಸರ್ಕಾರದ ನೀತಿಯ ಫಲ. ಮೊದಲನೆಯದು ವ್ಯಾಪಾರ, ಎರಡನೆಯದು ಔದಾರ್ಯ. ತಪ್ಪಿಸಿದ ವೆಚ್ಚದ ಲೆಕ್ಕ ಎರಡರಲ್ಲೂ ಇಲ್ಲ.

ಅಂಚೆಯ ಪ್ರಮಾಣ ಕುಗ್ಗುತ್ತಿರುವ ಈ ಕಾಲದಲ್ಲಿ ಆ ಲೆಕ್ಕ ಇನ್ನೂ ಜಟಿಲವಾಗುತ್ತದೆ. ಅಮೆರಿಕದ ಅಂಚೆ 2006ರಲ್ಲಿ ಸುಮಾರು 21,300 ಕೋಟಿ ವಸ್ತುಗಳನ್ನು ಹೊತ್ತಿತ್ತು, 2024ರಲ್ಲಿ ಹೊತ್ತದ್ದು ಸುಮಾರು 11,200 ಕೋಟಿ. ಕೊಂಡ ಯಂತ್ರ ಅರ್ಧ ಹೊತ್ತು ಸುಮ್ಮನೆ ನಿಂತಿರುವಾಗ, ಹೊರಗಿನವರು ವಿಂಗಡಿಸಿ ಕೊಟ್ಟ ಪತ್ರ ಉಳಿಸುವುದು ವಿದ್ಯುತ್ತನ್ನೂ ಒಂದಿಷ್ಟು ಕೂಲಿಯನ್ನೂ ಮಾತ್ರ. ಯಂತ್ರವನ್ನೇ ತೆಗೆದುಹಾಕಿದರೆ ಮಾತ್ರ ಪೂರ್ಣ ಉಳಿತಾಯ ಕೈಗೆ ಬರುತ್ತದೆ, ಆಮೇಲೆ ಪೂರ್ವವಿಂಗಡಣೆ ಮಾಡುವವರು ನಿಂತುಹೋದರೆ ಅದನ್ನು ಮತ್ತೆ ಕೊಳ್ಳಬೇಕು. ಭಾರತದಲ್ಲಿ ಅಂತಹ ಯಂತ್ರಗಳೇ ಕಡಿಮೆಯಾದ್ದರಿಂದ ಈ ಇಕ್ಕಟ್ಟು ಅಷ್ಟಾಗಿ ಬಾಧಿಸದು. ಇಲ್ಲಿನ ಮಿತಿ ಇನ್ನೊಂದು ಕಡೆ ಇದೆ. ಅಮೆರಿಕದ ಅಂಚೆ ತನ್ನ ಬೀಟುಗಳ ವಿವರವನ್ನೂ ಮನೆಗಳ ಕ್ರಮವನ್ನೂ ಸಗಟು ಗಿರಾಕಿಗಳಿಗೆ ಒದಗಿಸುತ್ತದೆ, ಅದರಿಂದಲೇ ಅವರು ಪೋಸ್ಟ್‌ಮನ್ ನಡೆಯುವ ಕ್ರಮದವರೆಗೂ ವಿಂಗಡಿಸಬಲ್ಲರು. ಭಾರತದಲ್ಲಿ ಗಿರಾಕಿಯ ವಿಂಗಡಣೆ ಪಿನ್‌ಕೋಡಿನ ಆರನೆಯ ಅಂಕಿಗೆ ಬಂದು ನಿಲ್ಲುತ್ತದೆ. 2025ರಲ್ಲಿ ಅಂಚೆ ಇಲಾಖೆ ಬಿಡುಗಡೆ ಮಾಡಿದ ಹತ್ತು ಅಕ್ಷರಗಳ ಡಿಜಿಪಿನ್ ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಗುರುತಿಸುತ್ತದೆ, ಆದರೆ ಯಾವ ಚೌಕ ಯಾರ ಬೀಟಿನಲ್ಲಿದೆ, ಯಾವುದರ ನಂತರ ಯಾವುದು ಬರುತ್ತದೆ ಎಂಬುದನ್ನು ಹೇಳುವುದಿಲ್ಲ. 560 004ಕ್ಕೆ ಕಟ್ಟಿ ಕಳುಹಿಸಿದ ಕಟ್ಟು ಬಸವನಗುಡಿಯ ಕಚೇರಿಯಲ್ಲಿ ಬಿಚ್ಚಿಕೊಂಡ ಮೇಲೆ, ಯಾವ ಮನೆ ಯಾವ ತಿರುವಿನ ಆಚೆ ಇದೆ ಎಂಬ ತಿಳಿವಳಿಕೆ ಮೇಜಿನ ಮುಂದೆ ನಿಂತ ಪೋಸ್ಟ್‌ಮನ್ನನ ನೆನಪಿನಿಂದಲೇ ಬರಬೇಕು, ಆ ಕೆಲಸದ ಕೂಲಿ ಯಾವ ರಿಯಾಯಿತಿಯ ಪಟ್ಟಿಯಲ್ಲೂ ಕಾಣಿಸದು.